ಹಿಂದಕ್ಕೆ ನಡೆದ ಗಡಿಯಾರ: ಸಿಗ್ರಾಕ್ ಕಮಾಂಡ್‌ಲೈನ್ ಸಾಧನದಿಂದ ಬಯಲಾದ ಒಂದು ದೋಷ

ತಂಪು ಕೋಣೆಯ ಉಷ್ಣತೆ ಮತ್ತು ತೇವಾಂಶವನ್ನು ಹದಿನೈದು ನಿಮಿಷಕ್ಕೊಮ್ಮೆ ಅಳೆದು ತನ್ನೊಳಗೇ ಬರೆದಿಟ್ಟುಕೊಳ್ಳುವ ಬ್ಯಾಟರಿ ಉಪಕರಣ ಅದು. ಒಳಗೆ ಒಂದು ಮೈಕ್ರೊಕಂಟ್ರೋಲರ್ ಇದೆ. ಚಿಪ್‌ಗಳು ಪರಸ್ಪರ ಮಾತನಾಡಲು ಬಳಸುವ ಐ2ಸಿ ಬಸ್‌ನ ಎರಡೇ ತಂತಿಗಳನ್ನು ಅದರೊಂದಿಗೆ ಮೂರು ಚಿಪ್‌ಗಳು ಹಂಚಿಕೊಂಡಿವೆ: ಹೊತ್ತು ಹೇಳುವ ಡಿಎಸ್3231, ಅಳತೆ ಮಾಡುವ ಎಸ್‌ಎಚ್‌ಟಿ31, ದಾಖಲೆ ಹಿಡಿದಿಡುವ ಎಟಿ24ಸಿ32 ಈಪ್ರಾಮ್. ವಾರಕ್ಕೆ ಎರಡು ಬಾರಿ ಯಾರಾದರೂ ಹೋಗಿ ದಾಖಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಬರುತ್ತಾರೆ. ಕೋಣೆಯಲ್ಲಿಟ್ಟ ಸರಕು ಕೆಟ್ಟಿದೆಯೋ ಇಲ್ಲವೋ ಎಂಬ ತೀರ್ಮಾನ ಈ ದಾಖಲೆಯ ಮೇಲೆಯೇ ನಿಂತಿರುವುದರಿಂದ ಒಂದು ಸಾಲು ತಪ್ಪಿದರೂ ಇಡೀ ಪಟ್ಟಿಯ ಮೇಲಿನ ನಂಬಿಕೆ ಹೋಗುತ್ತದೆ.

ಉಪಕರಣ ನಮ್ಮ ಮೇಜಿಗೆ ಬರುವಾಗ ಅದರ ಜೊತೆ ಮೂರು ದೂರುಗಳೂ ಬಂದವು. ಮೊದಲನೆಯದು, ಕೆಲವು ಸಾಲುಗಳಲ್ಲಿ ದಿನಾಂಕ 1976ರ ಏಪ್ರಿಲ್ 3 ಎಂದು ಕಾಣುತ್ತದೆ. ಅಷ್ಟೇ ಅಲ್ಲ, ಮುಂದಿನ ಬಾರಿ ಇಳಿಸಿಕೊಂಡಾಗ ಅದು ಏಪ್ರಿಲ್ 2 ಆಗಿರುತ್ತದೆ, ಅಂದರೆ ಗಡಿಯಾರ ಹಿಂದಕ್ಕೆ ನಡೆಯುತ್ತಿದೆ. ಎರಡನೆಯದು, ಇನ್ನು ಕೆಲವು ಸಾಲುಗಳಲ್ಲಿ ಬ್ಯಾಟರಿಯ ವೋಲ್ಟೇಜು 0.462 ಎಂದಿದೆ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಉಪಕರಣ ಉಸಿರಾಡುವುದೇ ಸಾಧ್ಯವಿಲ್ಲ. ಮೂರನೆಯದು, ಮತ್ತೆ ಕೆಲವು ಸಾಲುಗಳಲ್ಲಿ ತೇವಾಂಶ ಶೇಕಡಾ 655.35, ಬ್ಯಾಟರಿ 65.535 ವೋಲ್ಟ್. ಇವುಗಳ ನಡುನಡುವೆ ಯಾವ ಕೊಂಕೂ ಇಲ್ಲದ ಸಾಲುಗಳು.

ಮೂರು ದೂರುಗಳಿಗೂ ಮೂರು ಬೇರೆ ಬೇರೆ ಚಿಕಿತ್ಸೆಗಳು ಆಗಲೇ ನಡೆದಿದ್ದವು. ಗಡಿಯಾರದ ಚಿಪ್ ಬದಲಾಗಿತ್ತು. ಸೆನ್ಸರ್ ಬದಲಾಗಿತ್ತು. ಬ್ಯಾಟರಿಯ ಸಂಪರ್ಕದ ಪಟ್ಟಿಗಳನ್ನು ಉಜ್ಜಿ ಶುಚಿ ಮಾಡಲಾಗಿತ್ತು. ಐ2ಸಿ ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ಪುಲ್-ಅಪ್ ರೆಸಿಸ್ಟರುಗಳನ್ನು 10 ಕಿಲೊಓಮ್‌ನಿಂದ 4.7ಕ್ಕೆ ಇಳಿಸಲಾಗಿತ್ತು. ಯಾವುದರಿಂದಲೂ ಕೂದಲೆಳೆಯಷ್ಟೂ ವ್ಯತ್ಯಾಸವಾಗಿರಲಿಲ್ಲ. ಭಾಗಗಳನ್ನು ಬದಲಿಸಿ ನೋಡುವುದು ತಪ್ಪು ದಾರಿಯೇನಲ್ಲ. ಆದರೆ ಬದಲಿಸಿದ ಮೇಲೂ ದೋಷ ಒಂದಿಷ್ಟೂ ಕದಲದಿದ್ದರೆ ಅದೇ ಒಂದು ಸುಳಿವು: ಕೆಟ್ಟ ಚಿಪ್‌ಗಳು ಹೀಗೆ ಶಿಸ್ತಾಗಿ, ಅದದೇ ರೀತಿಯಲ್ಲಿ ಕೆಡುವುದಿಲ್ಲ.

ಇನ್ನೊಂದು ಸುಳಿವು ದಿನಾಂಕದಲ್ಲೇ ಇತ್ತು. ಡಿಎಸ್3231 ವರ್ಷದ ಕೊನೆಯ ಎರಡು ಅಂಕಿಗಳನ್ನು ಕೊಡುತ್ತದೆ. ಈ ಉಪಕರಣದ ಫರ್ಮ್‌ವೇರ್, ಅಂದರೆ ಅದರೊಳಗೆ ಓಡುವ ಪ್ರೋಗ್ರಾಂ, ಅದಕ್ಕೆ 2000 ಕೂಡಿಸಿ, 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನಾಗಿ ಪರಿವರ್ತಿಸಿ, ನಾಲ್ಕು ಬೈಟ್‌ಗಳಲ್ಲಿ ಬರೆಯುತ್ತದೆ. ಗಡಿಯಾರ ಎಷ್ಟೇ ಹಾಳಾಗಿದ್ದರೂ ಈ ದಾರಿಯಲ್ಲಿ 2000ಕ್ಕಿಂತ ಹಿಂದಿನ ವರ್ಷ ಬರಲು ಸಾಧ್ಯವಿಲ್ಲ. ಹಾಗಾದರೆ 1976 ಬಂದದ್ದು ಗಡಿಯಾರದಿಂದಲ್ಲ. ದಿನಾಂಕವೇ ಅಲ್ಲದ ಬೇರೆ ಯಾವುದೋ ನಾಲ್ಕು ಬೈಟ್‌ಗಳು ದಿನಾಂಕದ ಜಾಗದಲ್ಲಿ ಕುಳಿತಿವೆ.

ಫರ್ಮ್‌ವೇರ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಸೀರಿಯಲ್ ಪೋರ್ಟಿನ ಲಾಗ್ ತೋರಿಸಿದರು. ಅದರಲ್ಲಿ ಪ್ರತಿಯೊಂದು ದಾಖಲೆಯೂ ಸರಿಯಾಗಿತ್ತು. ಆದರೆ ಲಾಗ್ ಹೇಳುವುದು ಪ್ರೋಗ್ರಾಂ ಏನನ್ನು ಬರೆಯಲು ಹೊರಟಿತು ಎಂಬುದನ್ನು. ತಂತಿಯ ಮೇಲೆ ಏನು ಹೋಯಿತು, ಆ ತುದಿಯಲ್ಲಿದ್ದ ಚಿಪ್ ಅದಕ್ಕೆ ಏನೆಂದಿತು ಎಂಬುದಕ್ಕೆ ಸಾಕ್ಷಿ ತಂತಿಯೇ.

ತಂತಿಗೆ ಕಿವಿಗೊಡುವುದು

ಸಿಗ್ರಾಕ್ ಎಂಬುದು ಮುಕ್ತ ತಂತ್ರಾಂಶಗಳ ಒಂದು ಸಮೂಹ. ಅಳತೆಯ ಉಪಕರಣಗಳ ಜೊತೆ ಮಾತನಾಡುವ ಲೈಬ್ರರಿ ಒಂದು. ಸಿಕ್ಕಿದ ಸಂಕೇತಗಳ ಅರ್ಥ ಬಿಡಿಸುವ ಲೈಬ್ರರಿ ಇನ್ನೊಂದು. ಈ ಎರಡನೆಯದರ ಡಿಕೋಡರ್‌ಗಳನ್ನು ಪೈಥಾನ್‌ನಲ್ಲಿ ಬರೆಯಲಾಗಿದೆ. ಇವುಗಳ ಮೇಲೆ ಕುಳಿತ ಎರಡು ಮುಖಗಳಿವೆ: ಅಲೆಗಳನ್ನು ಚಿತ್ರವಾಗಿ ತೋರಿಸುವ ಪಲ್ಸ್‌ವ್ಯೂ, ಮತ್ತು ಎಲ್ಲವನ್ನೂ ಟರ್ಮಿನಲ್‌ನಲ್ಲೇ ಮಾಡುವ ಸಿಗ್ರಾಕ್-ಸಿಎಲ್‌ಐ. ಒಂದು ಅಲೆಯ ಆಕಾರ ನೋಡಬೇಕಾದಾಗ ನಾನೂ ಪಲ್ಸ್‌ವ್ಯೂ ತೆರೆಯುತ್ತೇನೆ. ಇಲ್ಲಿ ಬೇಕಾಗಿದ್ದುದು ಬೇರೆ. ಗಂಟೆಗಟ್ಟಲೆ ಕಾಯಬೇಕು, ದಾಖಲೆ ಬರೆಯುವ ಪ್ರತಿ ಕ್ಷಣವನ್ನೂ ಬಿಡದೆ ಹಿಡಿಯಬೇಕು, ಒಂದೇ ಪ್ರಶ್ನೆಯನ್ನು ಎಲ್ಲ ಕಡತಗಳಿಗೂ ಕೇಳಬೇಕು, ಉತ್ತರಗಳನ್ನು ಸಾಲುಸಾಲಾಗಿ ಹೋಲಿಸಬೇಕು. ಇದಕ್ಕೆ ಪಠ್ಯದ ರೂಪವೇ ಸರಿ.

ತಂತಿಗಳ ಏರಿಳಿತವನ್ನು ಸೆರೆಹಿಡಿಯುವ ಲಾಜಿಕ್ ಅನಲೈಸರ್ ಎಂಟು ಚಾನೆಲ್‌ಗಳ ಸಾಮಾನ್ಯ ಯುಎಸ್‌ಬಿ ಮಾದರಿ, ಒಳಗೆ ಸೈಪ್ರೆಸ್ ಕಂಪನಿಯ ಎಫ್‌ಎಕ್ಸ್2 ಚಿಪ್. ಇಂಥವುಗಳಲ್ಲಿ ಸ್ವಂತ ಬುದ್ಧಿ ಏನೂ ಇರುವುದಿಲ್ಲ. ಸಿಗ್ರಾಕ್ ಮೊದಲ ಬಾರಿ ಅದನ್ನು ಹುಡುಕುವಾಗ ತನ್ನದೇ ಮುಕ್ತ ಫರ್ಮ್‌ವೇರ್ ಅನ್ನು ಅದಕ್ಕೆ ಇಳಿಸುತ್ತದೆ. ಸಾಧನ ಯುಎಸ್‌ಬಿಯಿಂದ ಒಮ್ಮೆ ಕಳಚಿಕೊಂಡು ಹೊಸ ಗುರುತಿನೊಂದಿಗೆ ಮತ್ತೆ ಬರುತ್ತದೆ. ಮೊದಲ ಸ್ಕ್ಯಾನ್ ಕೆಲವು ಕ್ಷಣ ತಡವಾದರೆ ಗಾಬರಿಯಾಗಬೇಕಿಲ್ಲ. ಮೂರು ತಂತಿಗಳು ಸಾಕಾದವು: ಗ್ರೌಂಡ್‌ಗೆ ಗ್ರೌಂಡ್, ಡಿ0 ಚಾನೆಲ್ ಬಸ್‌ನ ಮಿಡಿತ ಕೊಡುವ ಎಸ್‌ಸಿಎಲ್ ತಂತಿಗೆ, ಡಿ1 ಡೇಟಾ ಹೊರುವ ಎಸ್‌ಡಿಎ ತಂತಿಗೆ. ಗ್ರೌಂಡ್ ತಂತಿಯನ್ನು ಆದಷ್ಟು ಗಿಡ್ಡವಾಗಿ, ಬಸ್‌ಗೆ ಹತ್ತಿರದಲ್ಲಿ ಹಾಕುವುದು ಒಳ್ಳೆಯದು. ಹಾಗೆ ಮಾಡದಿದ್ದಾಗ ಕಾಣಿಸುವ ಪುಟ್ಟ ಪುಟ್ಟ ಸುಳ್ಳು ಸ್ಪಂದನಗಳನ್ನು ಡಿಕೋಡರ್ ಸಂಭಾಷಣೆಯ ಆರಂಭ, ಅಂತ್ಯದ ಗುರುತುಗಳಾದ ಸ್ಟಾರ್ಟ್, ಸ್ಟಾಪ್ ಎಂದು ಓದಿಬಿಡುತ್ತದೆ.

ಬಸ್ 100 ಕಿಲೊಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಸ್ಯಾಂಪಲ್ ದರವನ್ನು, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ತಂತಿಗಳನ್ನು ನೋಡಬೇಕು ಎಂಬುದನ್ನು, 2 ಮೆಗಾಹರ್ಟ್ಸ್‌ಗೆ ಇಟ್ಟೆ. ಪ್ರತಿ ಬಿಟ್‌ಗೆ 20 ಸ್ಯಾಂಪಲ್ ಸಿಗುತ್ತದೆ, ಪ್ರತಿ ಸ್ಯಾಂಪಲ್ ಅರ್ಧ ಮೈಕ್ರೊಸೆಕೆಂಡು. ಸಾಧನ ಗರಿಷ್ಠ 24 ಮೆಗಾಹರ್ಟ್ಸ್ ಕೊಡುತ್ತದೆಂದು ಅದನ್ನೇ ಆರಿಸುವ ಅಭ್ಯಾಸ ಹಲವರಿಗಿದೆ. ಇಂಥ ನಿಧಾನದ ಬಸ್‌ಗೆ ಅದರಿಂದ ಲಾಭವಿಲ್ಲ. ಕಡತ ಊದಿಕೊಳ್ಳುತ್ತದೆ, ಯುಎಸ್‌ಬಿಯಲ್ಲಿ ಇನ್ನೊಂದು ಸಾಧನವಿದ್ದರೆ ಸೆರೆ ನಡುವೆಯೇ ತುಂಡಾಗುತ್ತದೆ.

ಸಮಸ್ಯೆ ಇದ್ದುದು ಕಾಯುವುದರಲ್ಲಿ. ಹದಿನೈದು ನಿಮಿಷದ ಮೌನ, ಆಮೇಲೆ ಕೆಲವು ಹತ್ತು ಮಿಲಿಸೆಕೆಂಡಿನ ಮಾತು, ಮತ್ತೆ ಮೌನ. ಎಸ್‌ಡಿಎ ಕೆಳಗಿಳಿಯುವ ಅಂಚನ್ನು ಟ್ರಿಗರ್ ಆಗಿ, ಅಂದರೆ ಸೆರೆ ಶುರುಮಾಡುವ ಸೂಚನೆಯಾಗಿ, ಕೊಟ್ಟೆ, ಏಕೆಂದರೆ ಬಸ್ ಸುಮ್ಮನಿರುವಾಗ ಎರಡೂ ತಂತಿಗಳು ಮೇಲಿರುತ್ತವೆ, ಐ2ಸಿಯ ಯಾವ ಸಂಭಾಷಣೆಯೂ ಆರಂಭವಾಗುವುದು ಎಸ್‌ಸಿಎಲ್ ಮೇಲಿರುವಾಗ ಎಸ್‌ಡಿಎ ಇಳಿಯುವುದರಿಂದ. ಈ ಅನಲೈಸರ್‌ನಲ್ಲಿ ಟ್ರಿಗರ್ ಹಾರ್ಡ್‌ವೇರಿನಲ್ಲಿ ಇಲ್ಲ. ಹರಿದು ಬರುವ ಸ್ಯಾಂಪಲ್‌ಗಳಲ್ಲಿ ಅದನ್ನು ಹುಡುಕುವುದು ಕಂಪ್ಯೂಟರಿನ ಕೆಲಸ. ಸೆಕೆಂಡಿಗೆ 20 ಲಕ್ಷ ಬೈಟ್‌ಗಳಂತೆ ಹದಿನೈದು ನಿಮಿಷಕ್ಕೆ 180 ಕೋಟಿ ಬೈಟ್‌ಗಳು ಬಂದು ಹೋಗುತ್ತವೆ. ಅದಕ್ಕೇ ಟ್ರಿಗರ್ ಆಗುವವರೆಗೂ ಏನನ್ನೂ ಹೊರಗೆ ಕೊಡಬೇಡ ಎಂಬ ವೇಟ್-ಟ್ರಿಗರ್ ಆಯ್ಕೆಯನ್ನು ಜೊತೆಗೆ ಹಾಕಲೇಬೇಕು. ಟ್ರಿಗರ್ ಆದ ಮೇಲೆ 2 ಲಕ್ಷ ಸ್ಯಾಂಪಲ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಹಿಡಿದರೆ ಒಂದು ದಾಖಲೆಯ ಇಡೀ ವ್ಯವಹಾರ ಒಳಗೆ ಬರುತ್ತದೆ. ಈ ಒಂದು ಕಮಾಂಡನ್ನು ಶೆಲ್‌ನ ಲೂಪಿನೊಳಗೆ ಹಾಕಿ, ಪ್ರತಿ ಸೆರೆಗೂ ಹೊತ್ತಿನ ಹೆಸರಿಟ್ಟು ಉಳಿಸುವಂತೆ ಮಾಡಿ, ಉಪಕರಣವನ್ನು ಅದರ ಪಾಡಿಗೆ ಬಿಟ್ಟೆವು. ಮೊದಲೇ ಹೊಸ ಈಪ್ರಾಮ್ ಚಿಪ್ ಹಾಕಿ ದಾಖಲೆಯ ಎಣಿಕೆಯನ್ನು ಸೊನ್ನೆಗೆ ತಂದಿದ್ದೆವು. ಬಳಕೆಯಾಗದ ಚಿಪ್‌ನಲ್ಲಿ ಎಲ್ಲ ಬೈಟ್‌ಗಳೂ ಎಫ್‌ಎಫ್ (ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಎಣಿಕೆಯಲ್ಲಿ, ಬೈಟ್‌ನ ಗರಿಷ್ಠ ಮೌಲ್ಯ) ಆಗಿರುವುದರಿಂದ ಯಾವ ಜಾಗಕ್ಕೆ ಬರಹ ತಲುಪಲೇ ಇಲ್ಲ ಎಂಬುದು ತಾನಾಗಿ ಕಾಣುತ್ತದೆ.

ಸಿಗ್ರಾಕ್ ಸೆರೆಯನ್ನು ಉಳಿಸುವ ಕಡತ ವಾಸ್ತವವಾಗಿ ಒಂದು ಜಿಪ್ ಕಟ್ಟು. ಅದರೊಳಗೆ ಕಚ್ಚಾ ಸ್ಯಾಂಪಲ್‌ಗಳ ಜೊತೆ ಸ್ಯಾಂಪಲ್ ದರ, ಚಾನೆಲ್‌ಗಳಿಗೆ ನಾವಿಟ್ಟ ಹೆಸರು ಎಲ್ಲವೂ ಇರುತ್ತವೆ. ಸೆರೆಹಿಡಿಯುವುದು ಮತ್ತು ಅರ್ಥ ಬಿಡಿಸುವುದು ಬೇರೆ ಬೇರೆ ಹಂತಗಳಾಗಿ ಉಳಿಯುವುದು ಈ ಸಾಧನದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಗುಣ. ಇವತ್ತು ಹಿಡಿದ ಕಡತಕ್ಕೆ ನಾಳೆ ಹೊಳೆದ ಪ್ರಶ್ನೆಯನ್ನು ಕೇಳಬಹುದು. ಈ ಪ್ರಕರಣದಲ್ಲಿ ಆದದ್ದೂ ಅದೇ.

ನ್ಯಾಕ್‌ಗಳ ಬೆನ್ನು ಹತ್ತಿ

ಮೊದಲು ಕೇಳುವ ಪ್ರಶ್ನೆ ಸಹಜವಾಗಿಯೇ ಒಂದು: ಯಾವ ಚಿಪ್ಪಾದರೂ ಎಲ್ಲಾದರೂ ನಿರಾಕರಿಸಿದೆಯೇ? ಐ2ಸಿಯಲ್ಲಿ ಪ್ರತಿ ಎಂಟು ಬಿಟ್‌ಗಳ ನಂತರ ಒಂಬತ್ತನೆಯ ಬಿಟ್ ಕೇಳುವವರದು. ಎಸ್‌ಡಿಎಯನ್ನು ಕೆಳಗೆಳೆದರೆ ಆಕ್, ಬಿಟ್ಟರೆ ನ್ಯಾಕ್. ಉಳಿಸಿದ ಕಡತಗಳನ್ನು ಐ2ಸಿ ಡಿಕೋಡರಿಗೆ ಕೊಟ್ಟು, ಬಂದ ಪಠ್ಯದಲ್ಲಿ ನ್ಯಾಕ್ ಇರುವ ಸಾಲುಗಳನ್ನು ಗ್ರೆಪ್‌ನಿಂದ ಹೆಕ್ಕಿದರೆ ಪ್ರತಿ ಕಡತದಲ್ಲೂ ಎರಡು ಸಿಕ್ಕವು. ಸಹೋದ್ಯೋಗಿ ಹಿಗ್ಗಿದರು. ಆದರೆ ಆ ಎರಡೂ ಆರೋಗ್ಯದ ಲಕ್ಷಣಗಳು. ಓದುವಾಗ ಕೇಳುವ ಸ್ಥಾನದಲ್ಲಿರುವುದು ಮೈಕ್ರೊಕಂಟ್ರೋಲರ್. ಕೊನೆಯ ಬೈಟ್ ಬಂದ ಮೇಲೆ ಅದು ನ್ಯಾಕ್ ಕೊಟ್ಟು ಇನ್ನು ಸಾಕು ಎನ್ನಬೇಕು, ಅದೇ ಕ್ರಮ. ಗಡಿಯಾರ ಓದಿದ್ದರ ಕೊನೆಗೆ ಒಂದು, ಸೆನ್ಸರ್ ಓದಿದ್ದರ ಕೊನೆಗೆ ಒಂದು. ನ್ಯಾಕ್ ಕಂಡಲ್ಲೆಲ್ಲ ದೋಷವೆಂದು ಎಣಿಸುವ ಸ್ಕ್ರಿಪ್ಟ್‌ಗಳನ್ನು ಕಂಡಿದ್ದೇನೆ, ಅವು ಜನರನ್ನು ಸುಮ್ಮನೆ ಅಲೆಸುತ್ತವೆ. ನೋಡಬೇಕಾದುದು ವಿಳಾಸದ ನಂತರ ಬಂದ ನ್ಯಾಕ್, ಅಥವಾ ಬರೆಯುವಾಗ ಬಂದ ನ್ಯಾಕ್. ಅಂಥದ್ದು ಒಂದೂ ಇರಲಿಲ್ಲ.

ಆಮೇಲೆ ಮಾತನ್ನೇ ಓದಿದೆವು. ದಾಖಲೆಗಳನ್ನು ಸೊನ್ನೆಯಿಂದ ಎಣಿಸಿದರೆ, 2ನೆಯ ದಾಖಲೆಯ ಸೆರೆಯಲ್ಲಿ 68 ಎಂಬ ವಿಳಾಸದ ಗಡಿಯಾರ ಕೊಟ್ಟ ಏಳು ಬೈಟ್‌ಗಳು ಹೀಗಿದ್ದವು:

28 23 01 03 26 11 24

ಈ ಚಿಪ್ ಅಂಕಿಗಳನ್ನು ಬಿಸಿಡಿ ರೂಪದಲ್ಲಿ, ಅಂದರೆ ಪ್ರತಿ ದಶಮಾಂಶ ಅಂಕಿಗೂ ನಾಲ್ಕು ಬಿಟ್‌ಗಳಂತೆ, ಇಡುವುದರಿಂದ ಹೆಕ್ಸ್‌ನಲ್ಲಿ ಕಂಡದ್ದನ್ನು ಹಾಗೆಯೇ ಓದಿಕೊಳ್ಳಬಹುದು. 28 ಸೆಕೆಂಡು, 23 ನಿಮಿಷ, 1 ಗಂಟೆ, ವಾರದ ದಿನ, 2024ರ ನವೆಂಬರ್ 26. ಗಡಿಯಾರ ಸರಿಯಾಗಿದೆ. 44ರ ವಿಳಾಸದ ಸೆನ್ಸರ್ ಕೊಟ್ಟ ಉಷ್ಣತೆಯ ಎರಡು ಬೈಟ್‌ಗಳು 48 96, ದಶಮಾಂಶದಲ್ಲಿ 18582. ತಯಾರಕರ ಸೂತ್ರದಂತೆ 175ರಿಂದ ಗುಣಿಸಿ, 65535ರಿಂದ ಭಾಗಿಸಿ, 45 ಕಳೆದರೆ 4.62 ಡಿಗ್ರಿ. ಸೆನ್ಸರೂ ಸರಿಯಾಗಿದೆ. ಕೊನೆಗೆ 57ರ ವಿಳಾಸದ ಈಪ್ರಾಮ್‌ಗೆ ಹೋದ ಬರಹ, ಡೇಟಾ ಸಾಲುಗಳನ್ನಷ್ಟೇ ಆಯ್ದು ಜೋಡಿಸಿದಾಗ:

00 18 | 67 45 23 10 | 01 ಸಿಇ | 17 ಎಫ್2 | 0ಬಿ ಸಿ4 | 00 02

ಮೊದಲ ಎರಡು ಬೈಟ್ ಈಪ್ರಾಮ್‌ನೊಳಗಿನ ಜಾಗ: ಹೆಕ್ಸ್ 18, ಅಂದರೆ 24. ದಾಖಲೆಗೆ 12 ಬೈಟ್ ಆದ್ದರಿಂದ 2ನೆಯ ದಾಖಲೆ 24ರಿಂದಲೇ ಶುರುವಾಗಬೇಕು. ಮುಂದಿನ ನಾಲ್ಕು ಬೈಟ್ ಸೆಕೆಂಡುಗಳ ಎಣಿಕೆ. ಬಿಡಿಸಿದರೆ ಗಡಿಯಾರ ಹೇಳಿದ ಅದೇ ನವೆಂಬರ್ 26ರ 1 ಗಂಟೆ 23 ನಿಮಿಷ 28 ಸೆಕೆಂಡು. ಆಮೇಲೆ 462, ಅಂದರೆ 4.62 ಡಿಗ್ರಿ. 6130, ಅಂದರೆ ಶೇಕಡಾ 61.30 ತೇವಾಂಶ. 3012, ಅಂದರೆ 3.012 ವೋಲ್ಟ್. ಕೊನೆಗೆ ಕ್ರಮಸಂಖ್ಯೆ 2. ಪ್ರತಿ ಬೈಟ್‌ಗೂ ಆಕ್ ಬಂದಿದೆ. ಇಡೀ ಬರಹ 15 ಬೈಟ್, 135 ಗಡಿಯಾರ ಮಿಡಿತ, 1.35 ಮಿಲಿಸೆಕೆಂಡು. ಹೆಸರಿಡಲು ಒಂದು ಕೊರತೆಯೂ ಇಲ್ಲ.

ಎಂಟು ದಾಖಲೆಗಳ ಎಂಟು ಕಡತಗಳೂ ಹೀಗೆಯೇ ಶುದ್ಧವಾಗಿದ್ದವು. ಆಮೇಲೆ ಅದೇ ತಂತಿಗಳಲ್ಲಿ ಇನ್ನೊಂದು ಸೆರೆ ಹಿಡಿದೆವು, ಈ ಬಾರಿ ಕಂಪ್ಯೂಟರ್ ದಾಖಲೆಗಳನ್ನು ಇಳಿಸಿಕೊಳ್ಳುವಾಗ. ಈಪ್ರಾಮ್ ವಾಪಸು ಕೊಟ್ಟ ಮೊದಲ ನಾಲ್ಕು ಬೈಟ್‌ಗಳು 0ಬಿ ಸಿ4 00 02. ಅಲ್ಲಿ ಸೊನ್ನೆಯ ದಾಖಲೆಯ ದಿನಾಂಕ ಇರಬೇಕಿತ್ತು.

ಇಷ್ಟರಿಂದ ಶಂಕಿತರ ಪಟ್ಟಿ ಏಕಾಏಕಿ ಕಿರಿದಾಯಿತು. ತಂತಿಯ ಮೇಲೆ ಹೋದದ್ದು ಸರಿ. ತಂತಿಯ ಮೇಲೆ ಬಂದದ್ದು ತಪ್ಪು. ಗಡಿಯಾರ, ಸೆನ್ಸರ್, ಪುಲ್-ಅಪ್, ಕಂಪ್ಯೂಟರಿನ ಪ್ರೋಗ್ರಾಂ ಇವೆಲ್ಲವೂ ಒಟ್ಟಿಗೆ ಆರೋಪಮುಕ್ತವಾದವು. ಆಕ್ ಕೊಟ್ಟ ಚಿಪ್‌ನೊಳಗೇ ಏನೋ ಆಗುತ್ತಿದೆ. ಆಕ್ ಎಂದರೆ ಬೈಟ್ ಕೈಸೇರಿತು ಎಂದಷ್ಟೇ; ಕಳಿಸಿದವರು ಅಂದುಕೊಂಡ ಜಾಗದಲ್ಲಿ ಅದನ್ನು ಇಟ್ಟೆ ಎಂಬ ಭರವಸೆ ಅದರಲ್ಲಿಲ್ಲ.

ಆ ನಾಲ್ಕು ಬೈಟ್‌ಗಳು ಎಲ್ಲಿಂದ ಬಂದವೆಂದು ಹೇಳಬೇಕಾಗಿಯೇ ಇಲ್ಲ: 2ನೆಯ ದಾಖಲೆಯ ಬ್ಯಾಟರಿ ಮತ್ತು ಕ್ರಮಸಂಖ್ಯೆ. ಅವನ್ನು ಸೆಕೆಂಡುಗಳೆಂದು ಓದಿದರೆ 1976ರ ಏಪ್ರಿಲ್ 3, ಮಧ್ಯಾಹ್ನ 3 ಗಂಟೆ 47 ನಿಮಿಷ 14 ಸೆಕೆಂಡು. ಗಡಿಯಾರ ಹಿಂದಕ್ಕೆ ನಡೆದದ್ದೂ ಇದರಿಂದಲೇ. ಬ್ಯಾಟರಿಯ ಸಂಖ್ಯೆ ಮೇಲಿನ ಎರಡು ಬೈಟ್‌ಗಳಲ್ಲಿ ಕುಳಿತಿರುವುದರಿಂದ, ವೋಲ್ಟೇಜು ಒಂದು ಮಿಲಿವೋಲ್ಟ್ ಕುಸಿದರೆ ಆ ಹುಸಿ ದಿನಾಂಕ 65536 ಸೆಕೆಂಡು, ಅಂದರೆ 18 ಗಂಟೆ 12 ನಿಮಿಷ 16 ಸೆಕೆಂಡು ಹಿಂದೆ ಸರಿಯುತ್ತದೆ. ಜನ ನೋಡುತ್ತಿದ್ದುದು ಬ್ಯಾಟರಿ ಮೆಲ್ಲಗೆ ಬರಿದಾಗುವುದನ್ನು, ಕ್ಯಾಲೆಂಡರಿನ ವೇಷದಲ್ಲಿ.

32ರ ಮಗ್ಗಿ

ಈಗ ಪಠ್ಯರೂಪದ ಉಪಯೋಗ ಪೂರ್ತಿಯಾಗಿ ಕೈಗೆ ಬಂತು. ಎಂಟು ಬರಹದ ಕಡತಗಳಿಂದ ಬಂದ ಡೇಟಾವನ್ನು ಒಂದು ಪುಟ್ಟ ಸ್ಕ್ರಿಪ್ಟ್‌ಗೆ ಕೊಟ್ಟು, ಈಪ್ರಾಮ್‌ನಲ್ಲಿ ಏನಿರಬೇಕಿತ್ತು ಎಂಬುದರ 96 ಬೈಟ್‌ಗಳ ಪಟ್ಟಿ ಮಾಡಿಸಿದೆವು, ಸಾಲಿಗೊಂದು ಬೈಟ್. ಓದಿದ ಸೆರೆಯಿಂದ ನಿಜವಾಗಿ ಏನಿದೆ ಎಂಬುದರ ಪಟ್ಟಿ. ಎರಡನ್ನೂ ಡಿಫ್‌ಗೆ ಕೊಟ್ಟರೆ 20 ಬೈಟ್‌ಗಳಲ್ಲಿ ವ್ಯತ್ಯಾಸ ಬಂತು, ಮೂರು ಗುಂಪುಗಳಾಗಿ: 0ಯಿಂದ 3, 32ರಿಂದ 39, 64ರಿಂದ 71. ಮೂರೂ ಗುಂಪುಗಳು 32ರ ಮಗ್ಗಿಯ ಮೇಲೆಯೇ ಶುರುವಾಗುತ್ತವೆ. ದಾಖಲೆಯ ಉದ್ದ 12. ದೋಷ ದಾಖಲೆಯ ಲೆಕ್ಕದಲ್ಲಿದ್ದಿದ್ದರೆ ಅದು 12ರ ಮಗ್ಗಿಯನ್ನು ಅನುಸರಿಸಬೇಕಿತ್ತು. 32 ಎಂಬುದು ಎಟಿ24ಸಿ32ರ ಪುಟದ ಅಳತೆ.

ಈ ಬಗೆಯ ಈಪ್ರಾಮ್‌ಗಳ 4096 ಬೈಟ್‌ಗಳು 32 ಬೈಟ್‌ಗಳ 128 ಪುಟಗಳಾಗಿ ಹಂಚಿಕೊಂಡಿರುತ್ತವೆ. ಒಂದೇ ಬರಹದಲ್ಲಿ ಹಲವು ಬೈಟ್ ಕಳಿಸಿದಾಗ ಚಿಪ್ ತನ್ನೊಳಗಿನ ವಿಳಾಸವನ್ನು ಒಂದೊಂದೇ ಹೆಚ್ಚಿಸುತ್ತದೆ, ಆದರೆ ಕೆಳಗಿನ ಐದು ಬಿಟ್‌ಗಳನ್ನು ಮಾತ್ರ. ಪುಟದ ಕೊನೆ ಮುಟ್ಟಿದರೆ ಮುಂದಿನ ಪುಟಕ್ಕೆ ದಾಟುವುದಿಲ್ಲ. ಸಾಲಿನ ಅಂಚಿಗೆ ಬಂದವರು ಕೆಳಗಿನ ಸಾಲಿಗೆ ಇಳಿಯದೆ ಅದೇ ಸಾಲಿನ ಆರಂಭಕ್ಕೆ ಮರಳಿ ಹಳೆಯ ಅಕ್ಷರಗಳ ಮೇಲೆಯೇ ಬರೆದಂತೆ, ಪುಟದ ತಲೆಗೆ ಬಂದು ಅಲ್ಲಿದ್ದುದನ್ನು ಅಳಿಸಿ ಬರೆಯುತ್ತದೆ. ಅದು ಚಿಪ್‌ನ ದೋಷವಲ್ಲ. ತಯಾರಕರ ದತ್ತಾಂಶ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರುವ ನಡವಳಿಕೆ. ಓದುವಾಗ ಈ ಕಟ್ಟುಪಾಡು ಇಲ್ಲ, ವಿಳಾಸ ಪುಟಗಳನ್ನು ದಾಟಿಕೊಂಡು ಹೋಗುತ್ತದೆ. ಬರೆಯುವ ದಾರಿಗೂ ಓದುವ ದಾರಿಗೂ ಇರುವ ಈ ಅಸಮತೆಯೇ ಇಡೀ ಗೊಂದಲದ ಬೇರು.

ಕಾಗದದ ಮೇಲೆ ಲೆಕ್ಕ ಹಾಕಿದೆವು. 2ನೆಯ ದಾಖಲೆ 24ರಿಂದ 35ರವರೆಗೆ ಹೋಗಬೇಕು. 31ರಲ್ಲಿ ಪುಟ ಮುಗಿಯುತ್ತದೆ. ಉಳಿದ ನಾಲ್ಕು ಬೈಟ್, ಬ್ಯಾಟರಿ ಮತ್ತು ಕ್ರಮಸಂಖ್ಯೆ, 0ಯಿಂದ 3ಕ್ಕೆ ಮರಳಿ ಸೊನ್ನೆಯ ದಾಖಲೆಯ ದಿನಾಂಕವನ್ನು ತಿನ್ನುತ್ತವೆ. 5ನೆಯ ದಾಖಲೆ 60ರಿಂದ 71ಕ್ಕೆ ಹೋಗಬೇಕು. 63ರಲ್ಲಿ ಪುಟ ಮುಗಿದು ಎಂಟು ಬೈಟ್‌ಗಳು 32ರಿಂದ 39ಕ್ಕೆ ಮರಳುತ್ತವೆ. ಅಲ್ಲಿನ ಮೊದಲ ನಾಲ್ಕು 2ನೆಯ ದಾಖಲೆಯ ಬ್ಯಾಟರಿ ಇರಬೇಕಾದ ಜಾಗ. ಅಲ್ಲಿಗೆ 5ನೆಯ ದಾಖಲೆಯ ಉಷ್ಣತೆ ಬಂದು ಕೂರುತ್ತದೆ, 4.62 ಡಿಗ್ರಿ 0.462 ವೋಲ್ಟ್ ಆಗುತ್ತದೆ. ಉಳಿದ ನಾಲ್ಕು 3ನೆಯ ದಾಖಲೆಯ ದಿನಾಂಕವನ್ನು ತಿನ್ನುತ್ತವೆ. 64ರಿಂದ 71ರವರೆಗೆ ಯಾರೂ ಎಂದೂ ಬರೆಯುವುದಿಲ್ಲ, ಆದ್ದರಿಂದ ಅದು ಎಫ್‌ಎಫ್ ಆಗಿಯೇ ಉಳಿದು 5ನೆಯ ದಾಖಲೆಯಲ್ಲಿ ಶೇಕಡಾ 655.35 ತೇವಾಂಶವಾಗಿ, 65.535 ವೋಲ್ಟ್ ಆಗಿ ಕಾಣುತ್ತದೆ. 96ಕ್ಕೆ 12 ಮತ್ತು 32 ಎರಡೂ ಸಮನಾಗಿ ಬಂದು ಸೇರುವುದರಿಂದ ಅಲ್ಲಿಂದ ಇದೇ ಕಥೆ ಪುನರಾವರ್ತನೆಯಾಗುತ್ತದೆ. ಪ್ರತಿ ಎಂಟರಲ್ಲಿ ನಾಲ್ಕು ದಾಖಲೆ ಹಾಳು, ನಾಲ್ಕು ಸರಿ.

ಮೂರು ದೂರು, ಒಂದೇ ಕಾರಣ. ಆದರೂ ಲೆಕ್ಕ ಹೊಂದಿತು ಎಂಬುದಕ್ಕೇ ನಿಲ್ಲಬಾರದೆಂದು ಸ್ಕ್ರಿಪ್ಟ್‌ನಲ್ಲಿ ಒಂದೇ ಒಂದು ಸಾಲು ಬದಲಿಸಿದೆವು: ವಿಳಾಸ ಹೆಚ್ಚಿಸುವಾಗ ಕೆಳಗಿನ ಐದು ಬಿಟ್‌ಗಳನ್ನಷ್ಟೇ ಹೆಚ್ಚಿಸು. ಅದೇ ಎಂಟು ಸೆರೆಗಳಿಂದ ಹೊಸದಾಗಿ 96 ಬೈಟ್‌ಗಳ ಪಟ್ಟಿ ಮಾಡಿ ಡಿಫ್‌ಗೆ ಕೊಟ್ಟಾಗ ಡಿಫ್ ಒಂದು ಸಾಲನ್ನೂ ಹೊರಗೆ ಕೊಡಲಿಲ್ಲ. ದೋಷವನ್ನು ವಿವರಿಸುವುದು ಬೇರೆ, ಅದರ ಪ್ರತಿ ಬೈಟನ್ನೂ ಮುಂದಾಗಿ ಹೇಳುವುದು ಬೇರೆ. ಎರಡನೆಯದು ಸಿಕ್ಕಾಗಲಷ್ಟೇ ನಾನು ಪ್ರಕರಣ ಬಗೆಹರಿಯಿತು ಎನ್ನುತ್ತೇನೆ.

ಇದು ಕಾರ್ಯಾಗಾರದ ಪರೀಕ್ಷೆಯಲ್ಲಿ ಏಕೆ ಸಿಕ್ಕಿಬೀಳಲಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಆ ಪರೀಕ್ಷೆ ಸೊನ್ನೆಯ ಜಾಗಕ್ಕೆ ಒಂದು ದಾಖಲೆ ಬರೆದು, ತಕ್ಷಣ ಓದಿ, ಸರಿಯಿದೆಯೇ ಎಂದು ನೋಡುತ್ತಿತ್ತು. ಆ ಕ್ಷಣಕ್ಕೆ ಅದು ಸರಿಯಾಗಿಯೇ ಇರುತ್ತದೆ. ಕೆಡುವುದು ಅರ್ಧ ಗಂಟೆಯ ನಂತರ, ಎರಡು ದಾಖಲೆ ಕಳೆದ ಮೇಲೆ.

ಎರಡು ತುಂಡಾದ ಬರಹ

ಪರಿಹಾರಕ್ಕೆ ಎರಡು ದಾರಿಗಳಿದ್ದವು. ದಾಖಲೆಯನ್ನು 16 ಬೈಟ್‌ಗೆ ಹಿಗ್ಗಿಸಿದರೆ ಪುಟಕ್ಕೆ ಸರಿಯಾಗಿ ಎರಡು ಕೂರುತ್ತವೆ, ಯಾವ ದಾಖಲೆಯೂ ಗಡಿ ದಾಟುವುದಿಲ್ಲ, ಉಳಿದ ನಾಲ್ಕು ಬೈಟ್‌ಗಳಲ್ಲಿ ಚೆಕ್‌ಸಮ್ (ದಾಖಲೆ ಕೆಟ್ಟಿಲ್ಲವೆಂದು ಪರೀಕ್ಷಿಸುವ ಸಂಖ್ಯೆ) ಇಡಬಹುದು. ನನ್ನ ಒಲವು ಇದರ ಕಡೆಗಿತ್ತು. ಆದರೆ ಆಗ 341 ದಾಖಲೆಗಳ ಬದಲು 256 ಮಾತ್ರ ಹಿಡಿಸುತ್ತವೆ. ಹದಿನೈದು ನಿಮಿಷಕ್ಕೊಂದರಂತೆ 85 ಗಂಟೆಯಿಂದ 64 ಗಂಟೆಗೆ ಇಳಿಯುತ್ತದೆ. ವಾರಕ್ಕೆ ಎರಡು ಭೇಟಿಗಳ ನಡುವಿನ ಅಂತರಕ್ಕೆ ಅದು ಸಾಲದು. ಹಾಗಾಗಿ ಎರಡನೆಯ ದಾರಿ: ಈಪ್ರಾಮ್‌ಗೆ ಬರೆಯುವ ಫಂಕ್ಷನ್ ತಾನೇ ಪುಟದ ಗಡಿ ಗುರುತಿಸಿ, ಗಡಿ ದಾಟುವ ಬರಹವನ್ನು ಎರಡಾಗಿ ಒಡೆಯಬೇಕು.

ಸಹೋದ್ಯೋಗಿ ಬದಲಾವಣೆ ಮಾಡಿ ಹೊಸ ಫರ್ಮ್‌ವೇರ್ ಕೊಟ್ಟರು. ಅದೇ ಕಮಾಂಡ್, ಅದೇ ಲೂಪ್. ಈ ಬಾರಿ 2ನೆಯ ದಾಖಲೆಯ ಸೆರೆಯಲ್ಲಿ ನಿಜವಾದ ನ್ಯಾಕ್ ಕಾಣಿಸಿತು:

ಸ್ಟಾರ್ಟ್
ಅಡ್ರೆಸ್ ರೈಟ್: 57
ನ್ಯಾಕ್
ಸ್ಟಾಪ್

ಮೊದಲ ಎಂಟು ಬೈಟ್‌ಗಳು ಹೋಗಿ ಸ್ಟಾಪ್ ಆದೊಡನೆ ಚಿಪ್ ಅವನ್ನು ತನ್ನ ಒಳಕೋಶಗಳಿಗೆ ಬರೆಯಲು ಶುರುಮಾಡುತ್ತದೆ. ಆ ಹೊತ್ತಿನಲ್ಲಿ ಅದು ಯಾರ ಕರೆಗೂ ಓಗೊಡುವುದಿಲ್ಲ. ಈ ವರ್ಗದ ಚಿಪ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಗರಿಷ್ಠ 5ರಿಂದ 10 ಮಿಲಿಸೆಕೆಂಡು ಬೇಕಾಗುತ್ತದೆ. ಎರಡನೆಯ ತುಂಡು ಅಷ್ಟರೊಳಗೆ ಬಂದು ಬಾಗಿಲು ಮುಚ್ಚಿದ್ದು ಕಂಡು ಹಿಂತಿರುಗಿತ್ತು. ಹಳೆಯ ಫರ್ಮ್‌ವೇರಿನಲ್ಲಿ ಈ ತೊಂದರೆ ಬಂದಿರಲಿಲ್ಲ, ಏಕೆಂದರೆ ಎರಡು ಬರಹಗಳ ನಡುವೆ ಹದಿನೈದು ನಿಮಿಷಗಳಿದ್ದವು.

ಇಲ್ಲಿ ಕಣ್ಣುಮುಚ್ಚಿ 10 ಮಿಲಿಸೆಕೆಂಡು ಕಾಯಿಸಬಹುದಿತ್ತು. ಅದಕ್ಕಿಂತ ಚಿಪ್ ಅನ್ನೇ ಕೇಳುವುದು ಉತ್ತಮ: ವಿಳಾಸವನ್ನು ಮತ್ತೆ ಮತ್ತೆ ಕಳಿಸಿ, ಆಕ್ ಬಂದ ಕ್ಷಣ ಮುಂದುವರಿಯುವುದು. ಹಾಗೆ ಬರೆದ ಮೇಲೆ ಡಿಕೋಡ್ ಆದ ಪಠ್ಯದಲ್ಲಿ 57, ನ್ಯಾಕ್, 57, ನ್ಯಾಕ್ ಎಂಬ ಸಾಲುಗಳು ಉದ್ದಕ್ಕೆ ಬಂದು, ಕೊನೆಗೆ ಒಂದು ಆಕ್, ಅದರ ಹಿಂದೆಯೇ 00 20 ಎಂಬ ಜಾಗಕ್ಕೆ ಉಳಿದ ನಾಲ್ಕು ಬೈಟ್. ಹೆಕ್ಸ್ 20 ಎಂದರೆ 32, ಮುಂದಿನ ಪುಟದ ತಲೆ. ಪ್ರತಿ ಸಾಲಿನ ಮುಂದೆ ಸ್ಯಾಂಪಲ್ ಸಂಖ್ಯೆಯನ್ನೂ ಕೊಡು ಎಂಬ ಆಯ್ಕೆ ಸಿಗ್ರಾಕ್-ಸಿಎಲ್‌ಐನಲ್ಲಿದೆ. ಮೊದಲ ಸ್ಟಾಪ್‌ನಿಂದ ಆ ಆಕ್‌ವರೆಗೆ ಸುಮಾರು 7000 ಸ್ಯಾಂಪಲ್, ಅಂದರೆ ಮೂರೂವರೆ ಮಿಲಿಸೆಕೆಂಡು. ನ್ಯಾಕ್ ಬಂದರೆ ದೋಷ ಎನ್ನುವ ಸ್ಕ್ರಿಪ್ಟ್ ಈ ಆರೋಗ್ಯಕರ ಸೆರೆಯನ್ನು ನೋಡಿ ಬೊಬ್ಬೆ ಹಾಕುತ್ತಿತ್ತು.

ಎರಡು ತುಂಡುಗಳ ನಡುವೆ ವಿದ್ಯುತ್ ಹೋದರೆ ಅರ್ಧ ದಾಖಲೆ ಉಳಿಯುತ್ತದೆ ಎಂಬ ಚಿಂತೆ ಇನ್ನೂ ಇತ್ತು. ಕ್ರಮಸಂಖ್ಯೆ ದಾಖಲೆಯ ಕೊನೆಯಲ್ಲಿರುವುದು ಇಲ್ಲಿ ನೆರವಿಗೆ ಬಂತು. ಕೊನೆಯ ತುಂಡು ತಲುಪದಿದ್ದರೆ ಆ ಜಾಗದಲ್ಲಿ ಹಳೆಯ ಸಂಖ್ಯೆಯೋ ಎಫ್‌ಎಫ್ಫೋ ಉಳಿದು, ಇಳಿಸಿಕೊಳ್ಳುವ ಪ್ರೋಗ್ರಾಂ ಅದನ್ನು ಗುರುತಿಸಬಲ್ಲದು. ಕಾರ್ಯಾಗಾರದ ಪರೀಕ್ಷೆಯನ್ನೂ ಬದಲಿಸಲಾಯಿತು: ಈಗ ಅದು ಇಡೀ 341 ದಾಖಲೆಗಳನ್ನು ಬರೆದು ಮುಗಿಸಿದ ಮೇಲಷ್ಟೇ ಓದಲು ತೊಡಗುತ್ತದೆ.

ಉಳಿದದ್ದು ಹಳೆಯ ದಾಖಲೆಗಳ ಪ್ರಶ್ನೆ. ಹಾಳಾದ ಸಾಲುಗಳನ್ನು ಬಿಸಾಡುವುದೆಂದು ತೀರ್ಮಾನವಾಗಿತ್ತು. ಆದರೆ ಬೈಟ್‌ಗಳು ಎಲ್ಲಿಗೆ ಹೋದವೆಂದು ಈಗ ಗೊತ್ತಿತ್ತು. 5ನೆಯ ದಾಖಲೆಯ ಕಾಣೆಯಾದ ಎಂಟು ಬೈಟ್‌ಗಳು ನಾಶವಾಗಿಲ್ಲ, 32ರಿಂದ 39ರಲ್ಲಿ ಕುಳಿತಿವೆ. 2ನೆಯದರ ನಾಲ್ಕು ಬೈಟ್‌ಗಳು 0ಯಿಂದ 3ರಲ್ಲಿವೆ. ನಿಜವಾಗಿ ಅಳಿಸಿಹೋದದ್ದು ಸೊನ್ನೆಯ ಮತ್ತು 3ನೆಯ ದಾಖಲೆಗಳ ದಿನಾಂಕಗಳು ಮಾತ್ರ, ಅವನ್ನು ಪಕ್ಕದ ದಾಖಲೆಯಿಂದ ಹದಿನೈದು ನಿಮಿಷ ಕಳೆದು ಪಡೆಯಬಹುದು. ಇಳಿಸಿಕೊಳ್ಳುವ ಹೊತ್ತಿಗೆ ಮೆಮೊರಿ ಒಂದು ಸುತ್ತು ಮುಗಿಸಿ ಹಳೆಯದರ ಮೇಲೆ ಬರೆಯುತ್ತಿದ್ದರೆ, ಆ ಕ್ಷಣದಲ್ಲಿ ಬರಹ ನಿಂತಿದ್ದ ಗುಂಪನ್ನು ಮಾತ್ರ ಬೇರೆಯಾಗಿ ನೋಡಬೇಕಾಯಿತು. ಉಳಿದ ಎಲ್ಲ ಗುಂಪುಗಳಿಗೂ ಒಂದೇ ಸ್ಕ್ರಿಪ್ಟ್ ಸಾಕಾಯಿತು. ಬೈಟ್‌ಗಳನ್ನು ಅವುಗಳ ಜಾಗಕ್ಕೆ ಮರಳಿಸಿ, ಲೆಕ್ಕದಿಂದ ತುಂಬಿದ ದಿನಾಂಕಗಳಿಗೆ ಪ್ರತ್ಯೇಕ ಗುರುತು ಹಾಕಿ, ಪಟ್ಟಿಗಳನ್ನು ಸಂಬಂಧಪಟ್ಟವರಿಗೆ ಕಳಿಸಿಕೊಟ್ಟೆವು. ಆ ಗುಂಪುಗಳಲ್ಲಿ ಉಷ್ಣತೆಯ ಒಂದು ಅಳತೆಯೂ ಕಳೆದುಹೋಗಿರಲಿಲ್ಲ.